ಡಿಸ್ಕ್ ಇಲ್ಲ

ಡಿವಿಡಿ ಪ್ಲೇಯರ್ ಡಿಸ್ಕನ್ನು ನುಂಗಿತು, ಒಳಗೊಳಗೇ ಗುರ್ರೆಂದು ತಿರುಗಿಸಿ ನೋಡಿತು, ಆಮೇಲೆ ಟಿವಿಯ ನೀಲಿ ಪರದೆಯ ಮೇಲೆ 'ಡಿಸ್ಕ್ ಇಲ್ಲ' ಎಂದು ತೋರಿಸಿ ತೆಪ್ಪಗಾಯಿತು.

"ಇಲ್ಲ ಅಂದ್ರೆ? ನಾನೇ ಈಗ ಹಾಕಿದ್ನಲ್ಲ!" ಎಂದು ಬಸ್ ಡ್ರೈವರ್ ಅದರ ಮೇಲೆಯೇ ರೇಗಿದ. ಟ್ರೇ ಹೊರಗೆ ತೆಗೆದ, ಉಫ್ ಎಂದು ಊದಿದ, ಮತ್ತೆ ಒಳಗೆ ತಳ್ಳಿದ. ಮತ್ತದೇ ಉತ್ತರ. ಹಿಂದೆ ಕುರ್ಚಿಯಲ್ಲಿ ಹೆಂಡತಿ ಕಾಯುತ್ತಿದ್ದಳು. ಅವಳ ಬಲಗೈಯನ್ನು ಅವನೇ ಎತ್ತಿ ದಿಂಬಿನ ಮೇಲೆ ಇಟ್ಟಿದ್ದ, ಇಟ್ಟಲ್ಲೇ ಇತ್ತು.

"ಒಂದು ನಿಮಿಷ ಕಣೇ, ಸರಿಹೋಗತ್ತೆ," ಎಂದ. ಅವಳು ನೀಲಿ ಪರದೆಯನ್ನೇ ನೋಡುತ್ತಿದ್ದಳು.

ಪಾರ್ಶ್ವವಾಯು ಹೊಡೆಯುವ ಮುಂಚೆ ಅವಳು ಬೀದಿಗೆಲ್ಲ ಬಟ್ಟೆ ಹೊಲಿಯುತ್ತಿದ್ದಳು. ಅಳತೆ ಕೊಡಲು ಬಂದ ಹೆಂಗಸರು ಅಳತೆ ಮುಗಿದ ಮೇಲೂ ಮಾತಿಗೆ ಸಿಕ್ಕಿ ಏಳುತ್ತಿರಲಿಲ್ಲ. ಅಂಥವಳಿಗೆ ಈಗ ಮಾತು ತಲೆಯಲ್ಲಿ ಇರುತ್ತಿತ್ತು, ನಾಲಿಗೆಗೆ ಬರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಮಾತು ಕಲಿಸುತ್ತಿದ್ದ ಡಾಕ್ಟರಮ್ಮ ದೂರದೂರಿಗೆ ಕೆಲಸ ಬದಲಿಸುವಾಗ ಅವಳಿಗೆಂದೇ ಆ ಡಿಸ್ಕ್ ಮಾಡಿಕೊಟ್ಟು ಹೋಗಿದ್ದರು. ಪರದೆಯ ಮೇಲೆ ಒಂದು ಚಿತ್ರ ಬರುತ್ತದೆ. "ಇದೇನು?" ಎಂದು ಡಾಕ್ಟರಮ್ಮ ಕೇಳುತ್ತಾರೆ, ಕೇಳಿ ಸುಮ್ಮನೆ ನಗುಮುಖದಲ್ಲಿ ಕಾಯುತ್ತಾರೆ. ತುಂಬ ಹೊತ್ತಾದ ಮೇಲೆ ತಾವೇ ಉತ್ತರ ಹೇಳುತ್ತಾರೆ. ಆ ಕಾಯುವ ಹೊತ್ತಿನಲ್ಲಿ ಹೆಂಡತಿಯ ತುಟಿಗಳು ಕತ್ತಲಲ್ಲಿ ಬೀಗ ಹುಡುಕುವ ಕೈಯಂತೆ ತಡಕಾಡುತ್ತಿದ್ದವು. ಒಂದೊಂದು ದಿನ ಮಾತು ಸಿಗುತ್ತಿತ್ತು. 'ನೀರು' ಸಿಕ್ಕ ದಿನ ಡ್ರೈವರ್ ಅಡುಗೆಮನೆಗೆ ಹೋಗಿ, ಕೇಳಿಸದಿರಲೆಂದು ನಲ್ಲಿ ಬಿಟ್ಟು, ಅತ್ತಿದ್ದ.

ಅದಕ್ಕೇ ಆ ಪ್ಲೇಯರನ್ನು ಅವನು ಕೂಸಿನ ಹಾಗೆ ನೋಡಿಕೊಳ್ಳುತ್ತಿದ್ದ. ತಾನು ಓಡಿಸಿದ ಬಸ್ಸು ಒಂದು ದಿನವೂ ದಾರಿಯಲ್ಲಿ ನಿಂತಿಲ್ಲ ಎಂಬುದು ಅವನ ಹೆಮ್ಮೆ. ಗಾಡಿ ಕೈಕೊಡುವುದಿಲ್ಲ, ಓಡಿಸುವವನು ಕೈಕೊಡುತ್ತಾನೆ ಎಂದು ಡಿಪೋದಲ್ಲಿ ಎಲ್ಲರ ಕಿವಿ ಕೊರೆಯುತ್ತಿದ್ದ. ಪ್ಲೇಯರಿಗೆ ದಪ್ಪ ಬಟ್ಟೆ ಹೊದಿಸಿದ್ದ, ಓಡುವಾಗಲೂ ತೆಗೆಯುತ್ತಿರಲಿಲ್ಲ. ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ.

ಅವತ್ತು ಮಧ್ಯಾಹ್ನ ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿದ. ಒಂದೆರಡು ಬೆರಳಿನ ಗುರುತು, ಒಂದು ತೆಳು ಗೀರು. ಕಳ್ಳ ಸಿಕ್ಕಿಬಿದ್ದ ಎನ್ನಿಸಿತು. ಬಸ್ಸಿನ ಹೆಡ್‌ಲೈಟ್ ಗಾಜು ಮಂಕಾದಾಗ ಹಲ್ಲುಜ್ಜುವ ಪೇಸ್ಟ್ ಹಚ್ಚಿ ತಿಕ್ಕಿ ಫಳಫಳ ಮಾಡುತ್ತಿದ್ದುದು ನೆನಪಾಯಿತು. ಪೇಸ್ಟ್ ತಂದ, ಟವೆಲ್ಲಿನ ಮೂಲೆ ತಂದ, ಹೆಂಡತಿಯ ಎದುರೇ ಕೂತು ಗುಂಡಗುಂಡಗೆ ತಿಕ್ಕತೊಡಗಿದ. ತಿಕ್ಕಿದಷ್ಟೂ ಸಾಲದು ಎನ್ನಿಸುತ್ತಿತ್ತು.

ಹೆಂಡತಿ ಎಡಗೈ ಎತ್ತಿ ಏನೋ ಹೇಳಹೊರಟಳು. "ಬೇ... ಬೇ..."

"ಬೇಗ ತಾನೆ? ಬೇಗ ಮಾಡ್ತೀನಿ, ಆಯ್ತು ಆಯ್ತು," ಎಂದ ಅವನು. ಅವಳು ಕೈ ಇಳಿಸಿ ಮುಖ ತಿರುಗಿಸಿದಳು.

ತೊಳೆದು ಒರೆಸಿ ಹಾಕಿದ. 'ಡಿಸ್ಕ್ ಇಲ್ಲ.'

ಆಮೇಲಿನ ದಿನಗಳು ಕೆಟ್ಟವು. ಆಸ್ಪತ್ರೆಗೆ ಫೋನ್ ಮಾಡಿದರೆ ಮಾತಿನ ವಿಭಾಗವನ್ನೇ ಮುಚ್ಚಿದ್ದಾರೆ ಎಂದರು. ಡಾಕ್ಟರಮ್ಮನ ಹೊಸ ನಂಬರು ಯಾರಲ್ಲೂ ಇರಲಿಲ್ಲ. ಪಾಠವನ್ನು ತಾನೇ ಮಾಡುತ್ತೇನೆಂದು ಹಟ ಹಿಡಿದ. ಚಮಚ ಎತ್ತಿ ಹಿಡಿದು, "ಇದೇನು? ಹೇಳು. ಚಮಚ. ಚ-ಮ-ಚ. ಅನ್ನು ಮತ್ತೆ!" ಎನ್ನುವನು. ಲೋಟ ಹಿಡಿಯುವನು, ಪೊರಕೆ ಹಿಡಿಯುವನು, ದನಿ ಏರಿಸುವನು. ಅವಳ ತುಟಿ ಅಲುಗುವ ಹೊತ್ತಿಗೆ ಉತ್ತರ ಅವನ ಬಾಯಿಂದ ಬಂದಿರುತ್ತಿತ್ತು. ಬರುಬರುತ್ತಾ ಅವಳು ತುಟಿ ಅಲುಗಿಸುವುದನ್ನೂ ಬಿಟ್ಟಳು. ಗೋಡೆಯ ಕಡೆ ತಿರುಗಿ ಮಲಗಿದಳು. ಒಂದು ಸಂಜೆ ನೀರು ಬೇಕಾದಾಗ ಎಡಗೈಯಿಂದ ಲೋಟವನ್ನು ನೆಲಕ್ಕೆ ತಳ್ಳಿ ಸದ್ದು ಮಾಡಿದಳು. ಸಿಕ್ಕಿದ್ದ ಆ ಒಂದು ಮಾತೂ ಹೋಗಿತ್ತು.

ಡ್ರೈವರ್ ಒದ್ದೆ ನೆಲದ ಮೇಲೆ ಕೂತುಬಿಟ್ಟ. "ಬೈಯಾದ್ರೂ ಬೈಯೇ," ಎಂದು ಅಂಗಲಾಚಿದ. "ಮನೆಹಾಳ ಅನ್ನು, ಮುಂಡೇದು ಅನ್ನು, ಏನಾದ್ರೂ ಅನ್ನು."

ಅವನ ನಾದಿನಿ, ಅಂದರೆ ಹೆಂಡತಿಯ ತಂಗಿ, ಊಟ ತಂದವಳು ಬಾಗಿಲಲ್ಲೇ ನಿಂತು ನೋಡಿದಳು. "ಭಾವ, ಏಳಿ. ಆ ಪ್ಲೇಯರನ್ನ ರಿಪೇರಿಗೆ ತಗೊಂಡು ಹೋಗಿ. ನಾನು ಅಕ್ಕನ ಹತ್ರ ಇರ್ತೀನಿ."

"ರಿಪೇರಿಯವನಿಗೇನು ಗೊತ್ತಿರತ್ತೆ? ನಾನು ನೋಡ್ಕೊಂಡಷ್ಟು ಇದನ್ನ ಯಾರು ನೋಡ್ಕೊಂಡಿದಾರೆ?"

"ನೋಡ್ಕೊಂಡಿದ್ದು ಸಾಕು. ಹೋಗಿ."

ರಿಪೇರಿ ಅಂಗಡಿಯವನು ವಯಸ್ಸಾದವನು, ಮಾತಿಗಿಂತ ಕೆಮ್ಮೇ ಹೆಚ್ಚು. ಮುಚ್ಚಳ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟ. "ಅಡುಗೆಮನೆ ಪಕ್ಕ ಇಟ್ಟಿದ್ರಾ?"

"ಹೂಂ. ಅಲ್ಲಿ ಬಿಸಿಲು ಬೀಳಲ್ಲ ಅಂತ."

"ಎಣ್ಣೆ ಹೊಗೆ ಲೆನ್ಸ್ ಮೇಲೆ ಕೂತಿದೆ. ಅದರ ಮೇಲೆ ಧೂಳು." ಹತ್ತಿ ಸುತ್ತಿದ ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಮಗುವಿನ ಕಣ್ಣು ಒರೆಸುವ ಹಾಗೆ ಒರೆಸಿದ. ತನ್ನದೊಂದು ಡಿಸ್ಕ್ ಹಾಕಿದ, ಯಾರೋ ಹಾಡಿದರು. "ಅಷ್ಟೇ ಸಾರ್. ಯಂತ್ರ ಚೆನ್ನಾಗಿದೆ. ಓಡುವಾಗ ಬಟ್ಟೆ ಹೊದಿಸ್ಬೇಡಿ, ಸೆಕೆ ಅದಕ್ಕೂ ಆಗತ್ತೆ. ನಿಮ್ಮ ಡಿಸ್ಕ್ ಕೊಡಿ ನೋಡೋಣ."

ಡಿಸ್ಕನ್ನು ದೀಪಕ್ಕೆ ಹಿಡಿದು ತಿರುಗಿಸಿ ನೋಡಿದ. ಗೀರಿನೊಳಗೆ ಗೀರು, ಸುತ್ತಿನೊಳಗೆ ಸುತ್ತು.

"ಇದನ್ನ ಯಾರು ಉಜ್ಜಿದ್ದು? ಹೀಗೆ ಸುತ್ತ ಉಜ್ಜಬಾರದಿತ್ತು. ಒರೆಸೋದಾದ್ರೆ ನಡುವಿಂದ ಅಂಚಿಗೆ ನೇರವಾಗಿ, ಮೆತ್ತನೆ ಬಟ್ಟೇಲಿ. ಮೊದ್ಲು ಇದಕ್ಕೇನೂ ಆಗಿರ್ಲಿಲ್ಲ ಅನ್ಸತ್ತೆ." ಡ್ರೈವರನ ಮುಖ ನೋಡಿ ದನಿ ತಗ್ಗಿಸಿದ. "ಇನ್ನೊಂದು ಕಾಪಿ ಇದೆಯಲ್ವಾ?"

ಡ್ರೈವರ್ ಪ್ಲೇಯರನ್ನು ಎದೆಗವಚಿಕೊಂಡು ಮನೆಗೆ ನಡೆದ. ಬಸ್ಸುಗಳು ಪಕ್ಕದಲ್ಲೇ ಹಾದುಹೋದವು. ಗುರುತಿನವನೊಬ್ಬ ಹಾರ್ನ್ ಮಾಡಿದರೂ ತಲೆ ಎತ್ತಲಿಲ್ಲ. ಹೇಗೆ ಹೇಳುವುದು? ನಿನ್ನ ಮಾತನ್ನು ನಾನೇ ಟವೆಲ್ಲಿನಲ್ಲಿ ತಿಕ್ಕಿ ಅಳಿಸಿದೆ ಎಂದೇ?

ನಾದಿನಿ ಹೊರಟುಹೋದ ಮೇಲೆ ಹೆಂಡತಿಯನ್ನು ಕುರ್ಚಿಯಲ್ಲಿ ಕೂರಿಸಿ ಎದುರು ಕುಕ್ಕರಗಾಲಲ್ಲಿ ಕೂತ. "ಕೇಳು. ಅದು ಕೆಟ್ಟಿರ್ಲಿಲ್ಲ. ನಾನು ಕೆಡಿಸ್ದೆ. ಉಜ್ಜಬೇಡ ಅಂತಾನೇ ಅವತ್ತು ನೀನು ಹೇಳ್ತಾ ಇದ್ದೆ, ಅಲ್ವಾ?" ಅವಳು ಅವನನ್ನು ದಿಟ್ಟಿಸಿದಳು. ಕಣ್ಣುಗಳು ಒಂದು ಸಲ ಮುಚ್ಚಿ ತೆರೆದವು. ಆಮೇಲೆ ಗದ್ದವನ್ನು ಟಿವಿಯ ಕಡೆ ಎತ್ತಿದಳು.

ಡಿಸ್ಕ್ ಹಾಕಿದ. ಬಹಳ ಹೊತ್ತು ಗುರ್ರೆಂದಿತು. ಪರದೆ ಚೂರುಚೂರಾಗಿ ಬಣ್ಣ ಕಟ್ಟಿತು, ಒಡೆಯಿತು, ಮತ್ತೆ ಕಟ್ಟಿತು. ಒಂದು ಬಾಚಣಿಗೆ ಕಾಣಿಸಿತು. "ಇದೇನು?" ಎಂದರು ಡಾಕ್ಟರಮ್ಮ. ಕಾಯುವ ಹೊತ್ತು ಅರ್ಧದಲ್ಲೇ ಹಾರಿಹೋಯಿತು. ಅವರ ಮುಖ ಚೌಕಚೌಕವಾಗಿ ನಿಂತುಬಿಟ್ಟಿತು, ಬಾಯಿ ತೆರೆದ ಹಾಗೇ.

"ಬಾ... ಬಾ... ಬಾ... ಬಾ..."

ಮಾತು ಮುಂದಕ್ಕೆ ಹೋಗಲೊಲ್ಲದು. ಅದೇ ಅಕ್ಷರ, ಅದೇ ತೊದಲು. ಡ್ರೈವರ್ ಆರಿಸಲು ಕೈ ಚಾಚಿದ. ಹೆಂಡತಿ ಎಡಗೈಯಿಂದ ಅವನ ಅಂಗಿಯನ್ನು ಗಟ್ಟಿಯಾಗಿ ಹಿಡಿದಳು.

ಅವಳು ಪರದೆಯ ಕಡೆ ಬಾಗಿದ್ದಳು. ಹುಬ್ಬು ಗಂಟಿಕ್ಕಿತ್ತು. ಪರದೆ "ಬಾ... ಬಾ..." ಎನ್ನುತ್ತಲೇ ಇತ್ತು. ಅವಳ ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಉತ್ತರ ಡ್ರೈವರನ ಹಲ್ಲಿನ ಹಿಂದೆಯೇ ಇತ್ತು. ಅವನು ತುಟಿ ಕಚ್ಚಿಕೊಂಡ.

"...ಚ," ಎಂದಳು. "ಚ... ಣಿಗೆ."

ಯಂತ್ರಕ್ಕೆ ಕೇಳಿಸಲಿಲ್ಲ, ಬಾ ಬಾ ಎಂದು ತೊದಲುತ್ತಲೇ ಇತ್ತು. ಅವಳು ನಿಂತುಹೋದ ಆ ಮುಖವನ್ನು ಇನ್ನಷ್ಟು ಹೊತ್ತು ನೋಡಿದಳು.

"ಪಾ... ಪಾಪ," ಎಂದಳು.

ಆ ಮಾತು ಡಿಸ್ಕಿನಲ್ಲಿ ಎಲ್ಲೂ ಇರಲಿಲ್ಲ. ಡ್ರೈವರ್ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದು, ಅವಳ ಕಾಲ ಬಳಿ ನೆಲದ ಮೇಲೆ ಸರಿದು ಕೂತ. ಅವಳ ಹಿಡಿಯಲ್ಲಿ ಅವನ ಅಂಗಿ ಇನ್ನೂ ಮುದುಡಿಕೊಂಡೇ ಇತ್ತು.