ಬಾಯ್ಲರ್ ಪುಡಿ

ಗಿಂಡಿಯ ಬೆರಳುಗಳಿಗೆ ಗೆರೆ ಇರಲಿಲ್ಲ.

"ಒತ್ತಮ್ಮಾ, ಒತ್ತು! ಹೂವು ಮುಟ್ಟಿದ ಹಾಗೆ ಮುಟ್ತೀಯಲ್ಲ, ಗಟ್ಟಿಯಾಗಿ ಒತ್ತು" ಎಂದು ವೀಸಾ ಕೌಂಟರಿನ ಗುಮಾಸ್ತ ಗಾಜಿನಾಚೆಯಿಂದ ಗದರಿದ. ಅವಳು ಒತ್ತಿದಳು. ಯಂತ್ರ ಕೆಂಪು ದೀಪ ಹೊತ್ತಿಸಿ ಕೀಂ ಎಂದಿತು. ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಒತ್ತಿದಳು. ಮತ್ತೆ ಕೀಂ.

"ಈ ಮೆಷಿನ್ ಪ್ರಕಾರ ನಿನಗೆ ಕೈಯೇ ಇಲ್ಲ. ಏನ್ ಕೆಲಸ ಮಾಡ್ತೀಯ?"

"ಮನೆಗೆಲಸ ಸಾರ್. ಪಾತ್ರೆ, ನೆಲ, ಬಟ್ಟೆ."

"ಪಾತ್ರೆ ತಿಕ್ಕು ಅಂದ್ರೆ ಕೈನೇ ತಿಕ್ಕೊಂಡಿದೀಯಲ್ಲ!"

ಹಿಂದಿನ ಸಾಲು ಗೊಳ್ಳೆಂದು ನಕ್ಕಿತು. ಪಕ್ಕದಲ್ಲಿ ನಿಂತಿದ್ದ ಅಮ್ಮಾವರು ನಗಲಿಲ್ಲ. ಅವರ ಹತ್ತೂ ಬೆರಳು ಆಗಷ್ಟೇ ಒಂದೇ ಏಟಿಗೆ ಹಸಿರು ದೀಪ ಹೊತ್ತಿಸಿದ್ದವು. "ಹಸುಗೂಸಿನ ಕೈ ಮೇಡಂ ನಿಮ್ಮದು" ಎಂದು ಗುಮಾಸ್ತ ಹೊಗಳಿಯೂ ಆಗಿತ್ತು.

"ಎಂಥಾ ಮುಂಡೇದು ನೋಡಿ! ಇಷ್ಟು ವರ್ಷ ಅನ್ನ ಹಾಕಿದ್ದಕ್ಕೆ ಬೆರಳಚ್ಚು ಕೊಡೋ ಯೋಗ್ಯತೆನೂ ಇಲ್ಲ ಇದಕ್ಕೆ" ಎಂದು ಅಮ್ಮಾವರು ಸಾಲಿಗೆಲ್ಲ ಕೇಳುವಂತೆ ಹೇಳಿದರು.

ಗಡಿಯ ನಿಯಮ ಬದಲಾಗಿತ್ತು. ಮೊದಲಾದರೆ ಏಜೆಂಟನ ಒಂದು ಸೀಲು ಸಾಕಿತ್ತು. ಈಗ ಅಮ್ಮಾವರು ಹೊರಟಿದ್ದ ದೇಶಕ್ಕೆ ಕಾಲಿಡುವ ಪರದೇಶಿಗಳೆಲ್ಲ ಹೊರಡುವ ಮೊದಲೇ ಹತ್ತು ಬೆರಳು ಒತ್ತಬೇಕು. ಮನೆಗೆಲಸದವಳನ್ನು ಕರೆದೊಯ್ಯುವ ಯಜಮಾನಿಯೂ ಅವಳೂ ಒಂದೇ ಫೈಲು, ಒಂದೇ ದಿನ ಇಬ್ಬರೂ ಒತ್ತಬೇಕು. ಒಬ್ಬರದು ಬೀಳದಿದ್ದರೆ ಇಬ್ಬರದೂ ರದ್ದು. ಹಸುಗೂಸಿನ ಕೈಯೂ ಗಿಂಡಿಯ ಕೈಯ ಜೊತೆಗೇ ಕಸದ ಬುಟ್ಟಿಗೆ ಹೋಯಿತು.

"ಕೈ ನೀರಿಗೆ ಹಾಕ್ಬೇಡ. ತಿಂಗಳೊಪ್ಪತ್ತಿನಲ್ಲಿ ಗೆರೆ ತಾನಾಗೇ ಬರುತ್ತೆ. ಆಮೇಲೆ ಇಬ್ರೂ ಬನ್ನಿ" ಎಂದು ಗುಮಾಸ್ತ ಮುಂದಿನವರನ್ನು ಕರೆದ.

ಕುಳ್ಳಗೆ, ದುಂಡಗೆ ಇದ್ದಾಳೆಂದು ಕೆಲಸಕ್ಕೆ ಸೇರಿದ ದಿನವೇ ಅಮ್ಮಾವರು ಇಟ್ಟ ಹೆಸರು ಗಿಂಡಿ. ಹೆತ್ತವಳು ಇಟ್ಟ ಹೆಸರು ಪಾಸ್‌ಪೋರ್ಟಿನಲ್ಲಿತ್ತು. ಪಾಸ್‌ಪೋರ್ಟು ಅಮ್ಮಾವರ ಬೀರುವಿನಲ್ಲಿತ್ತು.

ಅಮ್ಮಾವರ ಮಗಳು ಹೊರದೇಶದಲ್ಲಿ ಅವಳಿ ಹೆತ್ತಿದ್ದಳು. ಮೊಮ್ಮಕ್ಕಳನ್ನು ಎತ್ತಿ ಆಡಿಸಲು ಅಮ್ಮಾವರು ಹೊರಟಿದ್ದರು. ಎತ್ತುವುದಕ್ಕೆ ಗಿಂಡಿ, ಆಡಿಸುವುದಕ್ಕೆ ಅಮ್ಮಾವರು. ಸಾಹೇಬರಿಗೆ ಕಾರ್ಖಾನೆಯಲ್ಲಿ ರಜೆ ಇರಲಿಲ್ಲ.

ಆ ಕಾರ್ಖಾನೆಯಿಂದಲೇ ಬರುತ್ತಿತ್ತು ಪುಡಿ. ಬಾಯ್ಲರಿನೊಳಗೆ ಕಲ್ಲಿನಂತೆ ಕಟ್ಟಿದ ಕರಿಯನ್ನು ಕೆರೆಯುವ ಪುಡಿ. ಸಾಹೇಬರು ಮ್ಯಾನೇಜರು, ಡಬ್ಬಗಟ್ಟಲೆ ತರುತ್ತಿದ್ದರು. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುವ ಮನೆ ಅದು. ಪಾತ್ರೆಗೆ ಅದೇ, ನೆಲಕ್ಕೆ ಅದೇ, ಕಕ್ಕಸಿಗೂ ಅದೇ. ರಬ್ಬರ್ ಗ್ಲೌಸನ್ನು ಅದು ಎರಡು ದಿನಕ್ಕೆ ತಿಂದು ಮುಗಿಸುತ್ತಿತ್ತು. "ಗ್ಲೌಸ್ ಹಾಕಿದ್ರೆ ಜಿಡ್ಡು ಗೊತ್ತಾಗಲ್ಲ, ಬರಿಗೈಲಿ ತಿಕ್ಕು. ಕೈ ಕೆಸರಾದ್ರೆ ಬಾಯಿ ಮೊಸರು" ಎಂಬುದು ಅಮ್ಮಾವರ ಕಟ್ಟಪ್ಪಣೆ. ಗಿಂಡಿ ತಿಕ್ಕಿದಳು. ಪಾತ್ರೆ ಕನ್ನಡಿಯಾಯಿತು. ಬೆರಳೂ ಕನ್ನಡಿಯಾಯಿತು. ಮೊಸರು ಮಾತ್ರ ಫ್ರಿಜ್ಜಿನಲ್ಲೇ ಉಳಿಯಿತು.

ಹೊರದೇಶ ಎಂದಾಗ ಅವಳು ತಟ್ಟನೆ ಒಪ್ಪಿದ್ದು ವಿಮಾನದ ಆಸೆಗಲ್ಲ. ಅದೇ ಊರಿಗೆ ಅವಳ ಅಕ್ಕ ಬೇರೊಂದು ಮನೆಯವರ ಜೊತೆ ಆಯಾ ಆಗಿ ಹೋಗಿದ್ದಳು. ಮೊದಮೊದಲು ಭಾನುವಾರ ಫೋನ್ ಮಾಡುತ್ತಿದ್ದಳು. ಅದು ನಿಂತಾಗ ಇವರೇ ಮಾಡಿದರೆ ಯಾವಳೋ ಎತ್ತಿ "ಅವಳು ಇಲ್ಲಿಲ್ಲ" ಎಂದು ಕುಕ್ಕಿದಳು. ಆಮೇಲೆ ನಂಬರೇ ಸತ್ತಿತು.

"ಹೋಗಿ ನೋಡ್ಕೊಂಡು ಬಾ" ಎಂದಿದ್ದಳು ಅವ್ವ. "ಇದ್ರೆ ಜುಟ್ಟು ಹಿಡಿದು ಎಳ್ಕೊಂಡು ಬಾ. ಇಲ್ದಿದ್ರೆ ಇಲ್ಲ ಅಂತ ಹೇಳು. ಆ ಫೋನಿನ ಮುಂದೆ ಕಾವಲು ಕೂತು ನನ್ನ ಸೊಂಟ ಹೋಯ್ತು."

"ಒಂದು ಭಾನುವಾರ ಬಿಡ್ತೀನಿ, ಹುಡುಕ್ಕೋ ಹೋಗು" ಎಂದು ಅಮ್ಮಾವರು ಮಾತು ಕೊಟ್ಟಿದ್ದರು.

ಕೌಂಟರಿನಿಂದ ಬಂದ ದಿನವೇ ಮನೆ ತಲೆಕೆಳಗಾಯಿತು. ಗಿಂಡಿಯ ಎರಡೂ ಕೈಗೆ ಮುಲಾಮು ಮೆತ್ತಿ, ಬಿಳಿ ಹತ್ತಿಯ ಕೈಗವಸು ತೊಡಿಸಿ, ಅಡುಗೆಮನೆಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂರಿಸಿದರು. ಅವಳ ಮನೆಗೆ ಕಳಿಸಲಿಲ್ಲ. ಅಲ್ಲಿ ತನ್ನ ಪಾತ್ರೆ ತಾನು ತೊಳೆದುಕೊಂಡರೆ? ಹಿಂದಿನ ಗೇಟಿಗೆ ಬೀಗ ಬಿತ್ತು. "ಕೂತವಳಿಗೆ ಸಂಬಳ ಯಾಕೆ?" ಎಂದು ಅದೂ ನಿಂತಿತು. ದಿನಾ ಬೆಳಿಗ್ಗೆ ಅಮ್ಮಾವರು ಸಾಹೇಬರ ಭೂತಗಾಜು ಹಿಡಿದು, ಹಾಲು ಒಡೆದಿದೆಯೇ ಎಂದು ನೋಡುವವರ ಹಾಗೆ ಬೆರಳು ನೋಡುವರು.

"ಹೆಬ್ಬೆಟ್ಟಿನಲ್ಲಿ ಏನೋ ಕಾಣ್ತಿದೆ ಕಣ್ರೀ!"

"ಹೂಂ" ಎನ್ನುವರು ಸಾಹೇಬರು, ಪೇಪರಿನ ಹಿಂದಿನಿಂದ.

ಬದಲಿಗೆ ಬೇರೊಬ್ಬಳನ್ನು ಕರೆಸಿದ್ದುಂಟು. ಅವಳು ಸಿಂಕಿನ ಕೆಳಗಿನ ಡಬ್ಬ ತೆರೆದು ಮೂಸಿ, "ನಿಮ್ಮ ಪುಡಿಗೆ ಮೊಣಕೈ ತನಕ ಹೋಗುತ್ತೆ ತಾಯೀ, ನನಗೆ ಇನ್ನೂ ಉಣ್ಣೋಕೆ ಕೈ ಬೇಕು" ಎಂದು ಚಪ್ಪಲಿ ಮೆಟ್ಟಿದಳು. ಬೀದಿಯಲ್ಲಿ ಸುದ್ದಿ ಹಬ್ಬಿ ಮತ್ತೊಬ್ಬಳು ಬರಲಿಲ್ಲ. ಬೇರೆ ಪುಡಿ ಕೊಳ್ಳಲು ಅಮ್ಮಾವರಿಗೆ ಮನಸ್ಸಾಗಲಿಲ್ಲ. ಮನೆಯಲ್ಲಿ ಡಬ್ಬಗಳಿರುವಾಗ ಕಾಸು ಕೊಟ್ಟು ಪುಡಿ ತರುವುದೇ? ಸೀರೆ ಎತ್ತಿ ಕಟ್ಟಿ ತಾವೇ ಸಿಂಕಿನ ಮುಂದೆ ನಿಂತರು.

ಒಂದು ಮಧ್ಯಾಹ್ನ ಅಮ್ಮಾವರ ಗೆಳತಿ ಬಂದಳು. ಬಿಳಿ ಕೈಗವಸು ತೊಟ್ಟು ನೆಟ್ಟಗೆ ಕೂತ ಗಿಂಡಿಗೆ ನಮಸ್ಕರಿಸಿ, "ಇವರು ಯಾರು? ಊರಿಂದ ಬಂದಿದಾರಾ?" ಎಂದಳು. ಸಿಂಕಿನ ಮುಂದೆ ಬೆನ್ನು ಮಾಡಿ ತಿಕ್ಕುತ್ತಿದ್ದವಳನ್ನು ನೋಡಿ, "ಏ ಇವಳೇ, ಅಮ್ಮಾವರನ್ನ ಕರಿ ಹೋಗು" ಎಂದೂ ಅಂದಳು. ಅಮ್ಮಾವರು ತಿರುಗಿದರು. ಗೆಳತಿ ಕಾಫಿ ಕುಡಿಯದೆ ಹೋದಳು.

"ನಗ್ತೀಯೇನೇ ಬೇವರ್ಸಿ?"

"ಇಲ್ಲಮ್ಮಾ."

"ಹಲ್ಲು ಕಾಣ್ತಿದೆ."

"ಹಲ್ಲು ಮೊದಲಿಂದ್ಲೂ ಹಂಗೇ ಇರೋದಮ್ಮಾ."

ದಿನ ಕಳೆದಂತೆ ಗಿಂಡಿಗೆ ಒಂದು ಕಂಡಿತು. ಅಮ್ಮಾವರು ಅನ್ನದ ಬಟ್ಟಲು ಎತ್ತುವಾಗ ಅವರ ಬೆರಳು ಮಿಂಚುತ್ತಿತ್ತು. ಆ ಮಿಂಚು ಅವಳಿಗೆ ಗೊತ್ತಿತ್ತು. ಬಟ್ಟಲು ಎರಡು ಸಲ ಜಾರಿ ಬಿತ್ತು. ಆ ಜಾರುವಿಕೆಯೂ ಗೊತ್ತಿತ್ತು.

"ಅಮ್ಮಾ, ನಿಮ್ಮ ಕೈನೂ ಹೋಗ್ತಿದೆ. ಒಂದ್ಸಲ ಗಾಜು ಹಿಡಿದು ನೋಡ್ಕೊಳ್ಳಿ."

ಅಮ್ಮಾವರಿಗೆ ಚೇಳು ಕಡಿದಂತಾಯಿತು. "ನನ್ನ ಕೈಯನ್ನ ನಿನ್ನ ಕೈ ಜೊತೆ ಸೇರಿಸ್ತೀಯಾ? ನಮ್ಮದು ವಂಶದ ಕೈ ಕಣೇ. ನಿಮ್ಮ ಥರ ಬಾಡಿಗೆಗೆ ತಂದದ್ದಲ್ಲ, ತೊಳೆದ್ರೆ ಹೋಗೋಕೆ!"

ವಾರಕ್ಕೊಮ್ಮೆ ಅವ್ವ ಹಿಂದಿನ ಗೇಟಿಗೆ ಬರುತ್ತಿದ್ದಳು. ಒಮ್ಮೆ ಗಿಂಡಿ ಕೈಗವಸು ಬಿಚ್ಚಿ ಕಂಬಿಯ ಸಂದಿಯಿಂದ ಅವಳ ಕೆನ್ನೆ ಮುಟ್ಟಿದಳು. ಅವ್ವ ಬೆಚ್ಚಿ ಹಿಂದೆ ಸರಿದಳು.

"ಯಾರ ಕೈಯೇ ಇದು?"

"ನಂದೇ ಅವ್ವಾ."

"ಥೂ, ನಂಬೋಕಾಗಲ್ಲ. ಮದುವಣಗಿತ್ತಿ ಕೈ ಆಗಿದೆ." ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮುಖದ ಹತ್ತಿರ ಹಿಡಿದಳು. ಸುಳಿ, ಸುಳಿಯೊಳಗೆ ಸುಳಿ. "ನೀನು ಹುಟ್ಟಿದಾಗ ನೋಡಿದ್ದು. ಅಕ್ಕನ ಹೆಬ್ಬೆಟ್ಟಲ್ಲೂ ಹಿಂಗೇ ಎಡಕ್ಕೆ ತಿರುಗಿತ್ತು. ಈ ಸಲ ಮಾತ್ರ ಹಾಳು ಮಾಡ್ಕೋಬೇಡ್ವೇ."

ಎರಡನೆಯ ಸಲ ಕೌಂಟರಿಗೆ ಹೋದಾಗ ಅದೇ ಗುಮಾಸ್ತ. ಅವನಿಗೆ ಮುಖ ನೆನಪಿರಲಿಲ್ಲ. ಅವನು ನೋಡುವುದು ಬೆರಳನ್ನು ಮಾತ್ರ. ಗಿಂಡಿ ಕೈಗವಸು ಬಿಚ್ಚಿ ಒತ್ತಿದಳು. ಹತ್ತೂ ಹಸಿರು. ಅಮ್ಮಾವರು ಒತ್ತಿದರು. ಕೀಂ. ಒರೆಸಿ ಒತ್ತಿದರು. ಕೀಂ. ಎಡಗೈ ಕಿರುಬೆರಳೊಂದಕ್ಕೆ ಮಾತ್ರ ಹಸಿರು ಹೊತ್ತಿತು. ಪಾತ್ರೆ ತಿಕ್ಕುವಾಗ ಅವರು ಆ ಬೆರಳನ್ನು ಟೀ ಕಪ್ಪು ಹಿಡಿದವರಂತೆ ಎತ್ತಿ ಇಡುತ್ತಿದ್ದರು.

ಗುಮಾಸ್ತ ಗಿಂಡಿಯ ಕಡೆ ತಿರುಗಿದ. "ನೀವು ಕೂತ್ಕೊಳ್ಳಿ ಮೇಡಂ. ನಿಮ್ಮ ಕೆಲಸದವಳದ್ದು ಬರ್ತಿಲ್ಲ."

ಹಿಂದಿನ ಸಾಲಿನಲ್ಲಿ ಯಾರೂ ನಗಲಿಲ್ಲ, ಯಾಕೆಂದರೆ ಅವರಿಗೂ ಹಾಗೇ ಅನಿಸಿತ್ತು.

ಮನೆಗೆ ಬಂದವರೇ ಅಮ್ಮಾವರು ಬಿಳಿ ಕೈಗವಸುಗಳನ್ನು ಗಿಂಡಿಯ ಕೈಯಿಂದ ಸುಲಿದು ತಾವೇ ತೊಟ್ಟರು. ಮುಲಾಮಿನ ಡಬ್ಬಿಯನ್ನೂ ಎಳೆದುಕೊಂಡರು. ಸಿಂಕಿನಲ್ಲಿ ಬೆಳಗಿನ ಪಾತ್ರೆ ಗುಡ್ಡೆ ಬಿದ್ದಿತ್ತು. ಮೇಲೆ ತಳ ಹತ್ತಿ ಕರ್ರಗಾದ ಬಾಣಲೆ.

"ಏನ್ ನೋಡ್ತಾ ನಿಂತಿದೀಯ? ತಿಕ್ಕು ಹೋಗು."

"ನಾನು ತಿಕ್ಕಿದ್ರೆ ನನ್ನದು ಹೋಗುತ್ತಲ್ಲಮ್ಮಾ."

"ಹೋಗ್ಲಿ. ನಿನ್ನ ಹೆಸರು ಫೈಲಿಂದ ತೆಗೆಸ್ತೀನಿ, ನಾನೊಬ್ಬಳೇ ಹೋಗ್ತೀನಿ. ಅಲ್ಲೇ ಯಾರನ್ನಾದ್ರೂ ಇಟ್ಕೊಂಡ್ರಾಯ್ತು. ನಿನ್ನ ಬೆರಳು ಯಾರಿಗೆ ಬೇಕು?"

"ನಮ್ಮಕ್ಕ..."

"ನಿಮ್ಮಕ್ಕ ಯಾವನ ಜೊತೆ ಓಡಿಹೋಗಿದಾಳೋ! ಅವಳನ್ನ ಹುಡುಕೋಕೆ ನಾನು ವಿಮಾನ ಹತ್ತಿಸ್ಬೇಕಾ?"

ಗಿಂಡಿ ಬರಿಗೈ ಮುಂದೆ ಚಾಚಿದಳು. "ಹಂಗಾದ್ರೆ ನನ್ನ ಪಾಸ್‌ಪೋರ್ಟ್ ಕೊಡಿ."

"ಬೀರುವಿನಲ್ಲಿದೆ. ಅಲ್ಲೇ ಇರುತ್ತೆ. ಮೊದಲು ಪಾತ್ರೆ."

"ಸಾಹೇಬ್ರ ಕೈ ಖಾಲಿ ಇದೆಯಲ್ಲಮ್ಮಾ. ಅವರು ಎಲ್ಲಿಗೂ ಹೋಗೋರಲ್ಲ, ಗೆರೆ ತಗೊಂಡು ಏನ್ ಮಾಡ್ತಾರೆ?"

ನಡುಮನೆಯಲ್ಲಿ ಸಾಹೇಬರ ಪೇಪರು ಇನ್ನೂ ಮೇಲಕ್ಕೇರಿತು.

ಗಿಂಡಿ ಸಿಂಕಿಗೆ ಹೋದಳು. ಅಮ್ಮಾವರು ಸಮಾಧಾನದಿಂದ ಮುಲಾಮು ತೆರೆದರು. ಅವಳು ನಲ್ಲಿ ತಿರುಗಿಸಲಿಲ್ಲ, ಪುಡಿಯ ಡಬ್ಬ ಮುಟ್ಟಲಿಲ್ಲ. ಬಾಣಲೆಯನ್ನು ಬೋರಲು ಹಾಕಿ, ಜಿಡ್ಡು ಮಸಿಯಲ್ಲಿ ಹತ್ತೂ ಬೆರಳು ಅದ್ದಿದಳು. ನೆಟ್ಟಗೆ ಅಮ್ಮಾವರ ಕೋಣೆಗೆ ನಡೆದು, ಬಿಳಿ ಬೀರುವಿನ ಬಾಗಿಲಿಗೆ ಒತ್ತಿದಳು. ಗಟ್ಟಿಯಾಗಿ, ಗುಮಾಸ್ತ ಹೇಳಿಕೊಟ್ಟ ಹಾಗೆ. ಮತ್ತೆ ಅದ್ದಿ ಬಂದು ಗೋಡೆಗೆ ಒತ್ತಿದಳು. ಹೊಸ ಸೂಟ್‌ಕೇಸಿಗೆ, ಸೋಫಾದ ಬೆನ್ನಿಗೆ ಒತ್ತಿದಳು. ಸಾಹೇಬರ ಪೇಪರಿಗೂ ಒತ್ತಿದಳು. ಪೇಪರು ಆ ಕಡೆಯಿಂದ ನಡುಗಿತು.

"ಅಯ್ಯೋ ಅಯ್ಯೋ! ಹುಚ್ಚು ಹಿಡಿದಿದೆ ಇವಳಿಗೆ! ಹಿಡ್ಕೊಳ್ಳಿ ರೀ!" ಅಮ್ಮಾವರು ಕೈಗವಸಿನ ಕೈಗಳನ್ನು ಗಾಳಿಯಲ್ಲಿ ಬೀಸುತ್ತಿದ್ದರು. ಹಿಡಿಯಲು ಹೋದರೆ ಮುಲಾಮು ಅಳಿಸೀತೆಂದು ಹಿಡಿಯಲಿಲ್ಲ.

"ಬಂದಿದೆ ನೋಡಿ ಅಮ್ಮಾ" ಎಂದಳು ಗಿಂಡಿ. "ಒಂದೊಂದೂ ಎಷ್ಟು ಚೆನ್ನಾಗಿ ಬಂದಿದೆ. ಗಾಜು ಹಿಡಿದು ನೋಡ್ಕೊಳ್ಳಿ."

ಆ ಮಸಿ ಸೋಪಿಗೆ ಜಗ್ಗುವುದಲ್ಲ. ಅದಕ್ಕೆ ಒಂದೇ ಮದ್ದು, ಸಿಂಕಿನ ಕೆಳಗಿನ ಡಬ್ಬದಲ್ಲಿತ್ತು. ತಿಕ್ಕುವ ಕೈ ಯಾರದು ಎಂಬುದಷ್ಟೇ ಉಳಿದ ಪ್ರಶ್ನೆ. ಅದನ್ನು ಗಂಡಹೆಂಡಿರಿಗೆ ಬಿಟ್ಟು ಗಿಂಡಿ ಮುಂಬಾಗಿಲಿನಿಂದಲೇ ಹೊರಗೆ ಬಂದಳು. ಅಷ್ಟು ವರ್ಷದಲ್ಲಿ ಆ ಬಾಗಿಲನ್ನು ಅವಳು ಒರೆಸಿದ್ದಳು, ದಾಟಿರಲಿಲ್ಲ.

ಅವ್ವ ಫೋನಿನ ಮುಂದೆ ಕೂತಿದ್ದಳು. ಮಗಳ ಮಸಿ ಕೈ ನೋಡಿದಳು, ತಂಬಿಗೆಯಲ್ಲಿ ನೀರು ಕೊಟ್ಟಳು.

ಹೋದದ್ದು ಇಷ್ಟು. ಅಮ್ಮಾವರ ಒಂಬತ್ತು ಬೆರಳಿನ ಗೆರೆ. ಒಂದು ಬೀರು, ಒಂದು ಗೋಡೆ, ಒಂದು ಸೂಟ್‌ಕೇಸು, ಒಂದು ಸೋಫಾ, ಆ ದಿನದ ಪೇಪರು. ಗಿಂಡಿಯ ಕಡೆ ಒಂದು ಕೆಲಸ, ಒಂದು ಪಾಸ್‌ಪೋರ್ಟು, ಒಂದು ಭಾನುವಾರ. ಮತ್ತು ಒಬ್ಬಳು ಅಕ್ಕ.