ಆಷಾಢ ಕಳೀಲಿ

ಶಂಕರಪುರದ ಮಹಡಿಯೊಂದರಲ್ಲಿ ದೊಡ್ಡವರಿಗೆ ಇಂಗ್ಲಿಷ್ ಮಾತಾಡಲು ಕಲಿಸುವ ಸರ್ವಮಂಗಳಾ ಟೀಚರ್ ಆ ಶನಿವಾರ ಬೋರ್ಡಿನ ಮೇಲೆ ಮೂರು ಮಾತು ಬರೆದರು: ಪುಟ್ ಆಫ್, ಹೋಲ್ಡ್ ಆಫ್, ಸ್ಲೀಪ್ ಆನ್ ಇಟ್. ಮೂರೂ ತೀರ್ಮಾನವನ್ನು ಮುಂದಕ್ಕೆ ತಳ್ಳುವವರ ಮಾತು. ಆ ವಿದ್ಯೆಯಲ್ಲಿ ಟೀಚರನ್ನು ಮೀರಿಸುವವರು ಇಡೀ ಬೀದಿಯಲ್ಲಿ ಯಾರಿದ್ದರು ಹೇಳಿ!

ಹಿಂದಿನ ಬೆಂಚಿನ ಚಿದಂಬರ ಕಾಟನ್‌ಪೇಟೆಯ ಸಗಟು ಬಟ್ಟೆ ವ್ಯಾಪಾರಿ. ಹೆಂಡತಿ ತೀರಿಕೊಂಡು ಆರು ವರ್ಷ. ಹೊರರಾಜ್ಯದ ಗಿರಾಕಿಗಳ ಜೊತೆ ಮಾತಾಡಲೆಂದು ಸೇರಿದವರು, ಕಳೆದ ಆಷಾಢದಲ್ಲಿ ಪಾಠ ಮುಗಿದ ಮೇಲೆ ಒಬ್ಬರೇ ಉಳಿದು, "ಟೀಚರ್, ನನ್ನ ಮದ್ವೆ ಆಗ್ತೀರಾ?" ಎಂದು ಕೇಳಿಬಿಟ್ಟಿದ್ದರು. ನಲವತ್ಮೂರರ ಸರ್ವಮಂಗಳಾರಿಗೆ ಇಷ್ಟವಿತ್ತು. ಆದರೆ ಬಾಯಿಂದ ಬಂದದ್ದು, "ಆಷಾಢ ಕಳೀಲಿ, ಹೇಳ್ತೀನಿ."

ಆಷಾಢ ಕಳೆಯಿತು. ಶ್ರಾವಣದಲ್ಲಿ ಅಕ್ಕನ ಮನೆಯ ಪೂಜೆ ಎಂದರು. ಆಮೇಲೆ ಪಿತೃಪಕ್ಷ. ಆಮೇಲೆ ಧನುರ್ಮಾಸ. ಅಯ್ಯೋ, ಈ ಮಹಾತಾಯಿಗೆ ಪಂಚಾಂಗದಲ್ಲಿ ಒಂದೇ ಒಂದು ದಿನ ಸಿಗಬಾರದಿತ್ತೇ? ಒಬ್ಬರೇ ಬೇಯಿಸಿ ಒಬ್ಬರೇ ಉಣ್ಣುವುದು ಸಾಕಾಗಿತ್ತು, ಆದರೂ ಈ ವಯಸ್ಸಿನಲ್ಲಿ ಮದುವೆ ಎಂದರೆ ಭಯ. ಚಿದಂಬರ ಪ್ರತಿಸಲವೂ "ಆಗ್ಲಿ ಬಿಡಿ" ಎಂದಷ್ಟೇ ಹೇಳಿ ಹೋಗುತ್ತಿದ್ದರು.

ಸಂಕ್ರಾಂತಿಯೂ ಮುಗಿಯಿತು. ಇವತ್ತು ಹೂಂ ಅಂದೇಬಿಡಬೇಕೆಂದು ಟೀಚರ್ ಇಳಕಲ್ ಸೀರೆ ಉಟ್ಟು ಬಂದಿದ್ದರು.

"ಒಬ್ಬೊಬ್ರೂ ಒಂದೊಂದು ವಾಕ್ಯ ಹೇಳಿ. ನಿಮ್ಮ ಜೀವನದ್ದೇ ಆಗ್ಬೇಕು," ಎಂದರು.

ಮುಂದಿನ ಬೆಂಚಿನ ಮಹಾನಂದ, "ಐ ಪುಟ್ ಆಫ್ ಟು ಗೋ ಟು ದಿ ಡೆಂಟಿಸ್ಟ್" ಎಂದಳು.

"ಟು ಗೋ ಅಲ್ಲಮ್ಮ. ಪುಟ್ ಆಫ್ ಗೋಯಿಂಗ್."

ಚಿದಂಬರ ಎದ್ದು ನಿಂತರು. ಟೀಚರ್ ಮುಖ ನೋಡಲಿಲ್ಲ. "ಮೈ ಫ್ಯಾಮಿಲಿ ಕುಡ್ ನಾಟ್ ಹೋಲ್ಡ್ ಆಫ್ ಎನಿ ಲಾಂಗರ್. ಮೈ ಎಂಗೇಜ್‌ಮೆಂಟ್ ವಾಸ್ ಆನ್ ಥರ್ಸ್‌ಡೇ."

ಗುರುವಾರವೇ ನಿಶ್ಚಿತಾರ್ಥ ಆಗಿಹೋಗಿದೆ ಎಂದು ತಿಳಿದು ಎಲ್ಲರೂ ಚಪ್ಪಾಳೆ ತಟ್ಟಿದರು. "ಸ್ವೀಟ್ ಎಲ್ಲಿ ಸಾರ್?" ಎಂದು ಯಾರೋ ಕೂಗಿದರು. ಸರ್ವಮಂಗಳಾರಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ವಾಕ್ಯದಲ್ಲಿ ತಪ್ಪು ಹುಡುಕಿದರು, ಇರಲಿಲ್ಲ.

"ಸರಿಯಾಗಿದೆ. ಕೂತ್ಕೊಳ್ಳಿ."

ಪಾಠ ಮುಗಿದು ಎಲ್ಲರೂ ಹೋದ ಮೇಲೆ ಚಿದಂಬರ ಬಾಗಿಲ ಹತ್ತಿರ ನಿಂತರು. "ಬುಧವಾರದ ತನಕ ಕಾದೆ ಟೀಚರ್. ನಿಮಗಿಷ್ಟ ಇಲ್ಲ, ಹೇಳೋಕೆ ಸಂಕೋಚ ಅಂದ್ಕೊಂಡೆ."

ಟೀಚರ್ ಈ ಸಲ ತಡಮಾಡಲಿಲ್ಲ. "ಒಪ್ಪಿಗೆ ಅಂತ ಹೇಳೋಕೇ ಬಂದಿದ್ದೆ ಇವತ್ತು."

ಚಿದಂಬರ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹಾಗೇ ನಿಂತುಬಿಟ್ಟರು. "ಎರಡು ದಿನ," ಎಂದರು.

"ಹೌದು, ಎರಡೇ ದಿನ," ಎಂದು ಸರ್ವಮಂಗಳಾ ಬೋರ್ಡ್ ಒರೆಸತೊಡಗಿದರು.