ಬ್ರೇಕಿಗೆ ಮೀನೆಣ್ಣೆ

ನಾವುಂದದ ನಮ್ಮ ಸೀತಕ್ಕ ತೀರಿಕೊಂಡ ಸುದ್ದಿ ಬೀಜಾಡಿಗೆ ಬಂದದ್ದು ಒಂದು ಶುಕ್ರವಾರ ಬೆಳಿಗ್ಗೆ. ನಾನು ದೇವರಿಗೆ ದೀಪ ಹಚ್ಚುತ್ತಿದ್ದೆ. ಅಕ್ಕನ ಮಗಳು ಚೇತನಾ ಫೋನಿನಲ್ಲಿ "ಮಾವ, ಅಮ್ಮ ಹೋಯ್ತ್" ಎಂದಷ್ಟೇ ಹೇಳಿದಳು. ಕೈ ಮುಗಿದು ಎದ್ದು ತಮ್ಮ ತಿಮ್ಮನನ್ನು ಕರೆದೆ. ಅವನ ಹಳೆಯ ಕಾರಿನಲ್ಲಿ ಹೊರಟೆವು.

ಆ ಕಾರಿನ ಬ್ರೇಕು ಕೆಲವು ತಿಂಗಳಿಂದ ಕಿರುಚುತ್ತಿತ್ತು. ತಿಮ್ಮ ಬಲೆ, ಮಂಜುಗಡ್ಡೆ, ಮೀನಿನ ಬುಟ್ಟಿ ಎಲ್ಲವನ್ನೂ ಅದರಲ್ಲೇ ಸಾಗಿಸುತ್ತಿದ್ದ. ನಿಲ್ಲಿಸುವುದು ದೋಣಿಯ ಪಕ್ಕ, ಕಡಲ ಮರಳಿನ ಮೇಲೆ. ಅಕ್ಕ ಇದ್ದಾಗ ಆ ಕಿರುಚಾಟದಿಂದ ಒಂದು ಅನುಕೂಲವೂ ಇತ್ತು. ರಸ್ತೆಯ ತಿರುವಿನಲ್ಲಿ ಅದು ಕೇಳಿದ ಕೂಡಲೇ ಅವಳು ಚಾ ನೀರು ಒಲೆಗಿಡುತ್ತಿದ್ದಳು. "ಬ್ರೇಕ್ ಸಮ ಮಾಡ್ಸ್ಬೇಡ ಮಾರಾಯ, ನೀ ಬಪ್ದ್ ನಂಗೆ ಗೊತ್ತಾತಿಲ್ಲೆ" ಎಂದು ನಗುತ್ತಿದ್ದಳು. ತಿಮ್ಮ ಅದನ್ನು ಹಿರಿಯರ ಅಪ್ಪಣೆ ಎಂದೇ ಪಾಲಿಸಿದ್ದ.

ಆ ಶುಕ್ರವಾರ ಅಂಗಳದಲ್ಲಿ ಎಲ್ಲರೂ ತಲೆ ತಗ್ಗಿಸಿ ನಿಂತಿದ್ದರು. ಕಾರು ಊರಿಗೆಲ್ಲ ಕೇಳುವಂತೆ ಕಿರುಚುತ್ತ ಬಂದು ನಿಂತಿತು. ಭಜನೆ ಹೇಳುತ್ತಿದ್ದವರು ಒಮ್ಮೆಲೇ ಸುಮ್ಮನಾದರು. ಒಳಗೆ ಯಾರೂ ಚಾ ಇಡಲಿಲ್ಲ. ತಿಮ್ಮನ ಮುಖ ಸಣ್ಣದಾಯಿತು.

ಬೈಂದೂರಿನಲ್ಲಿ ಕಾರು ಓಡಿಸಲು ಕಲಿಸುವ ಚೇತನಾ, ನಾವು ಮರಳಿ ಹೊರಟಾಗ ಹತ್ತಿರ ಬಂದಳು.

"ತಿಮ್ಮ ಮಾವ, ಆ ಸದ್ದ್ ಒಳ್ಳೇದಲ್ಲ. ಬೊಜ್ಜಕ್ಕೆ ಬಪ್ಪು ಮುಂಚೆ ಬ್ರೇಕ್ ತೋರ್ಸಿ."

"ಇಷ್ಟ್ ವರ್ಷ ದೋಣಿ ನೆಡ್ಸಿದೆ. ದೋಣಿಗೆ ಬ್ರೇಕೇ ಇಲ್ಲೆ. ನಾ ಬದ್ಕಿಲ್ಯಾ?" ಎಂದ ತಿಮ್ಮ.

ಮುಂದೆ ಅವನು ಮಾಡಿದ ಕೆಲಸ ನನಗೆ ತಿಳಿದದ್ದು ಬೆಕ್ಕುಗಳಿಂದ. ಬೊಜ್ಜದ, ಎಂದರೆ ಅಕ್ಕನ ಉತ್ತರಕ್ರಿಯೆಯ ಊಟದ ದಿನ ಬೆಳಿಗ್ಗೆ ಕೇರಿಯ ಬೆಕ್ಕುಗಳೆಲ್ಲ ಕಾರಿನ ಮುಂದಿನ ಚಕ್ರಗಳ ಬಳಿ ಸೇರಿದ್ದವು. ಒಂದು ಬೆಕ್ಕು ಕಣ್ಣು ಮುಚ್ಚಿ ಚಕ್ರ ನೆಕ್ಕುತ್ತಿತ್ತು.

"ಎಂತ ಮಾಡಿದ್ಯಾ?" ಎಂದೆ.

"ದೋಣಿಗೆ ಹಚ್ಚು ಬೈಗೆ ಮೀನಿನ ಎಣ್ಣೆ, ಬ್ರೇಕಿಗೂ ಒಂದ್ಚೂರ್ ಹೊಯ್ದೆ ಅಣ್ಣ. ತುಕ್ಕೂ ಹಿಡಿತಿಲ್ಲೆ, ಕಿರ್ಚುದೂ ಇಲ್ಲೆ. ಬೇಕಾರೆ ಕೂಕಂಡ್ ಕಾಣ್."

ಹೊರಟಾಗ ಸದ್ದೇನೋ ಇರಲಿಲ್ಲ. ಆದರೆ ಬ್ರೇಕು ಒತ್ತಿದಾಗಲೆಲ್ಲ ಕಾರು ಎಡಕ್ಕೆ ವಾಲುತ್ತಿತ್ತು. ಕಾರಣ ಕೇಳಿದೆ.

"ಕಡಲ್ ಇಪ್ದ್ ಆ ಬದಿಗಲ್ದಾ. ದಿನಾ ಹೋಪು ಅಭ್ಯಾಸ ಅದ್ಕೆ" ಎಂದ.

ಸೀತಕ್ಕನ ಮನೆಯ ದಾರಿ ಅಂಗಳದವರೆಗೂ ಇಳಿಜಾರು. ಅಂಗಳದ ನಡುವೆ ಚೇತನಾಳ ಪುಟ್ಟ ಮಗಳು ಚಂದನಾ ನಮಗೆ ಬೆನ್ನು ಹಾಕಿ ಕುಳಿತು ಹೂ ಬಿಡಿಸುತ್ತಿದ್ದಳು. ತಿಮ್ಮ ಬ್ರೇಕು ಒತ್ತಿದ. ಕಾರು ನಿಲ್ಲಲಿಲ್ಲ. ಮತ್ತೆ ಒತ್ತಿದ. ಮೊದಲಿನ ಕಿರುಚಾಟವಿದ್ದರೆ ಮಗು ಎದ್ದು ಓಡುತ್ತಿತ್ತು. ಈಗ ಅದಕ್ಕೆ ನಾವು ಬಂದದ್ದೇ ತಿಳಿಯಲಿಲ್ಲ. ನಾನು ದೇವರ ಹೆಸರು ಹೇಳುವಷ್ಟರಲ್ಲಿ ತಿಮ್ಮ ಹ್ಯಾಂಡ್ ಬ್ರೇಕ್ ಎಳೆದು ಸ್ಟಿಯರಿಂಗ್ ತಿರುಗಿಸಿದ. ಕಾರು ಹುಲ್ಲಿನ ಕುತ್ತರಿಯೊಳಗೆ ಮೂತಿ ತೂರಿಸಿ ನಿಂತಿತು.

ಚಂದನಾ ತಿರುಗಿ ನೋಡಿ, "ಅಮ್ಮಾ, ತಿಮ್ಮಜ್ಜ ಬಂದ್ರ್. ಹುಲ್ ತಿಂತಿದ್ರ್" ಎಂದಳು.

ಯಾರೋ ನಕ್ಕರು. ತಿಮ್ಮ ನಗಲಿಲ್ಲ. ಇಳಿದು ಹೋಗಿ ಮಗುವನ್ನು ಎತ್ತಿಕೊಂಡ.

ಊಟ ಮುಗಿದ ಮೇಲೆ ಚೇತನಾ ಜಾಕ್ ಕೊಟ್ಟು ಮುಂದಿನ ಚಕ್ರ ಬಿಚ್ಚಿದಳು. ತಿರುಗುವ ಉಕ್ಕಿನ ತಟ್ಟೆಯನ್ನು ಎರಡು ಬದಿಯಿಂದ ಒತ್ತಿ ಹಿಡಿಯುವ ಪ್ಯಾಡುಗಳನ್ನು ಹೊರಗೆ ತೆಗೆದಳು. ಒಂದು ಹಪ್ಪಳದಷ್ಟು ತೆಳ್ಳಗಾಗಿತ್ತು. ಇನ್ನೊಂದು ದಪ್ಪವಾಗಿಯೇ ಇತ್ತು.

"ಎರಡೂ ಒಂದೇ ದಿನ ಹಾಕ್ಸಿದ್. ಇದೊಂದೇ ಸವ್ದದ್ ಹ್ಯಾಂಗೆ?" ಎಂದ ತಿಮ್ಮ.

"ಬಲೆ ಎಳುವತಿಗೆ ಒಬ್ಬನೇ ಎಳ್ದ್, ಇನ್ನೊಬ್ಬ ಬೀಡಿ ಸೇದ್ತಾ ಕೂಕಂಡ್ರೆ ಯಾರ್ ಸೋಲ್ತ್ರ್ ಮಾವ? ಪ್ಯಾಡ್ ಒತ್ತು ಈ ಕ್ಯಾಲಿಪರ್ ಪಿನ್ನಿನ್ ಮೇಲೆ ಆಚೀಚೆ ಜಾರ್ಕ್. ಉಪ್ಪ್ ನೀರ್, ಮರಳ್ ಹೊಕ್ಕಿ ಪಿನ್ ಹಿಡ್ಕಂಡಿತ್, ಈಗ ಜಾರ್ತಿಲ್ಲೆ. ಕೆಲ್ಸ ಎಲ್ಲ ಒಂದೇ ಪ್ಯಾಡಿಗೆ ಬಿತ್ತ್."

"ಹಂಗಾರೆ ಕಿರ್ಚಿದ್ ಯಾರ್?"

"ಈ ಸಣ್ಣ ತಗಡ್. ಪ್ಯಾಡ್ ಸವ್ದಿತ್, ಬದ್ಲಾಯ್ಸಿ ಅಂದೇಳಿ ಕೂಗುಕೇ ಇಟ್ಟದ್. ನೀವ್ ಅದ್ರ ಬಾಯಿಗೆ ಎಣ್ಣೆ ಹೊಯ್ದ್ರಿ."

"ಎಣ್ಣೆ ತೊಳ್ದ್ ಹಾಕುಕ್ ಆತಿಲ್ಯಾ?"

"ಎಣ್ಣೆ ಕುಡ್ದ ಪ್ಯಾಡ್ ಎಷ್ಟ್ ತೊಳ್ದ್ರೂ ಹಿಡಿತಿಲ್ಲೆ. ಎಡ ಬಲ ಎರಡೂ ಚಕ್ರಕ್ಕೆ ಒಟ್ಟಿಗೆ ಹೊಸ್ತ್ ಹಾಕ್ಕ್."

"ಅದಾರೂ ಎಷ್ಟ್ ಸಮಯ ಬತ್ತ್?"

"ಸಾಮಾನ್ಯಕ್ಕೆ ಮೂವತ್ತರಿಂದ ಅರವತ್ ಸಾವ್ರ ಕಿಲೋಮೀಟರ್. ಭಾರ ಹೊತ್ರೆ, ಘಾಟಿ ಇಳ್ದ್ರೆ, ಬ್ರೇಕಿನ್ ಮೇಲೆ ಕಾಲ್ ಇಟ್ಕಂಡೇ ಓಡ್ಸ್ರೆ ಕಮ್ಮಿ. ನೀವ್ ಮೂರೂ ಮಾಡ್ತ್ರಿ."

ತಿಮ್ಮ ಆ ತೆಳ್ಳನೆಯ ಪ್ಯಾಡನ್ನು ಕೈಗೆತ್ತಿಕೊಂಡ.

"ಅಕ್ಕ ಇಲ್ದಿದ್ ಮನಿಗೆ ಕಿರ್ಚ್ಕಂಡ್ ಬಪ್ಪುಕ್ ಮನಸ್ ಬರ್ಲಿಲ್ಲ ಮಗಾ" ಎಂದ ಮೆಲ್ಲಗೆ.

ಚೇತನಾ ಕೈಗೆ ಹತ್ತಿದ ಎಣ್ಣೆಯನ್ನು ಒರೆಸಿಕೊಳ್ಳುತ್ತ ನಿಂತಳು.

ಮರುದಿನ ಮೆಕ್ಯಾನಿಕ್ ಅಲ್ಲಿಗೇ ಬಂದು ಪಿನ್ನುಗಳನ್ನು ಸ್ವಚ್ಛ ಮಾಡಿ, ತಟ್ಟೆಯ ಎಣ್ಣೆ ತೆಗೆದು, ಹೊಸ ಪ್ಯಾಡುಗಳನ್ನು ಹಾಕಿದ. ಮುಂದಿನ ತಿಂಗಳು ನಾವು ಹೋದಾಗ ಕಾರು ಸದ್ದಿಲ್ಲದೆ ಇಳಿಜಾರು ಇಳಿದು, ನಿಲ್ಲಬೇಕಾದಲ್ಲಿ ನಿಂತಿತು. ತಿಮ್ಮ ಬಾಗಿಲು ತೆರೆಯದೆ ಒಳಗೇ ಕುಳಿತಿದ್ದ. ಆಮೇಲೆ ಒಂದು ಸಲ ಹಾರ್ನ್ ಒತ್ತಿದ.

"ಹ್ವಾಯ್ ಮಾವ, ಹಾರ್ನ್ ಕೇಂತ್. ಚಾ ಇಟ್ಟಿದೆ" ಎಂದು ಅಡುಗೆಮನೆಯಿಂದ ಚೇತನಾ ಕೂಗಿದಳು.

ಓದುವ ಬಂಧುಗಳೇ, ನಿಮ್ಮ ಕಾರಿನ ಬ್ರೇಕು ಕಿರುಚಿದರೆ, ಒಂದು ಬದಿಗೆ ಎಳೆದರೆ, ಅಂದೇ ತೋರಿಸಿ. ಪ್ರತಿ ಸರ್ವಿಸಿನಲ್ಲೂ ಚಕ್ರ ಬಿಚ್ಚಿಸಿ ಒಳಗಿನ ಪ್ಯಾಡು, ಹೊರಗಿನ ಪ್ಯಾಡು ಎರಡನ್ನೂ ನೋಡಿ. ಒಂದು ಚೆನ್ನಾಗಿದೆ ಎಂದು ಇನ್ನೊಂದನ್ನು ನಂಬಬೇಡಿ. ಕಡಲ ಬದಿಯವರು ಪಿನ್ನುಗಳನ್ನೂ ಸ್ವಚ್ಛ ಮಾಡಿಸಿ. ಮೀನೆಣ್ಣೆ ದೋಣಿಗಿರಲಿ. ನಿಮ್ಮ ಸದ್ದಿಗಾಗಿ ಕಿವಿಗೊಟ್ಟು ಒಲೆಯ ಮೇಲೆ ನೀರಿಡುವವರು ಎಲ್ಲೋ ಒಬ್ಬರು ಇರುತ್ತಾರೆ. ಅವರ ಅಂಗಳಕ್ಕೆ ಸುಖವಾಗಿ ತಲುಪಿ.

ನಮಗಾಗಿ ಹಾಗೆ ಕಾದ ಸೀತಕ್ಕನನ್ನು ತಾಯಿ ಮಹಾಲಕ್ಷ್ಮಿ ತನ್ನ ಪಾದದ ನೆರಳಿನಲ್ಲಿಟ್ಟುಕೊಳ್ಳಲಿ. ಅವಳ ಆತ್ಮಕ್ಕೆ ಶಾಂತಿ ದೊರೆಯಲಿ.